ಕದ್ದ ಅಡಿಕೆ, ಹಂಚಿದ ಮಿಠಾಯಿ

ಮಕ್ಕಳಿಗೆ ಆಪ್ತಸಲಹೆ ಕೊಡುವ ನನ್ನ ಹತ್ತಿರ, ಕಳ್ಳತನದ ಚಾಳಿ ಬಿಡಿಸಿ ಕೊಡಿ ಎಂದು ಮನೆಯವರು ಕರೆದುಕೊಂಡು ಬಂದ ಹುಡುಗ ಇವನು. ವಯಸ್ಸು 11, ಆರನೇ ಕ್ಲಾಸ್. ಕೇರಳದ ಕಾಸರಗೋಡು ಜಿಲ್ಲೆಯ ಒಳಭಾಗದ ಒಂದು ಕನ್ನಡ ಮಾಧ್ಯಮ ಶಾಲೆ. ಇಲ್ಲಿ ಅವನನ್ನು ಅನೂಪ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅಪ್ಪ ಅಮ್ಮ ಒಪ್ಪಿದ್ದಾರೆ. ಅವನನ್ನೂ ಕೇಳಿದೆ. "ನಾನು ಅಂತ ಗೊತ್ತಾಗದಿದ್ರೆ ಆಯ್ತು" ಎಂದ.

ಮೊದಲು ಮಾತಾಡಿದ್ದು ಅಪ್ಪ. ಅಟ್ಟದಲ್ಲಿ ಸುಲಿದ ಅಡಿಕೆ ಗೋಣಿ ಕಟ್ಟಿ ಇಟ್ಟಿದ್ದರಂತೆ. ಮಳೆಗಾಲದಲ್ಲಿ ರೇಟ್ ಏರಬಹುದು ಎಂದು ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಹಾಗೆ ಇಡುತ್ತಾರೆ. ಒಂದು ಗೋಣಿಯ ಬಾಯಿ ಸಡಿಲ ಆಗಿತ್ತು. ತೂಕ ನೋಡಿದರೆ ಕಡಿಮೆ. ಎರಡು ದಿನ ಕೆಲಸದವರ ಮೇಲೆ ಸಂಶಯ ಹೋಯಿತು. ಆಮೇಲೆ ಅನೂಪನ ಶಾಲೆ ಚೀಲದ ತಳದಲ್ಲಿ ನಾಲ್ಕು ಅಡಿಕೆ ಸಿಕ್ಕಿತು. ಅಪ್ಪ ಎರಡೇಟು ಹೊಡೆದರು. ಹುಡುಗ ಒಪ್ಪಿಕೊಂಡ. ಆದರೆ ಹಣ ಏನು ಮಾಡಿದೆ ಎಂದರೆ ಬಾಯಿ ಬಿಡಲಿಲ್ಲ. "ಈಗ ಅಡಿಕೆ, ನಾಳೆ ಇನ್ನೆಂತದ್ದೋ" ಎಂದರು ಅಪ್ಪ. ಈಚೆಗೆ ಈ ಕಡೆ ಹುಡುಗರ ಕೈಗೆ ಸಿಗುವ ಅಮಲಿನ ಪುಡಿಯ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತದೆ. ಅವರ ಹೆದರಿಕೆ ಅಲ್ಲಿಗೇ ಹೋಗಿತ್ತು.

ದೊಡ್ಡವರನ್ನು ಹೊರಗೆ ಕೂರಿಸಿ ಅವನೊಬ್ಬನೊಂದಿಗೆ ಮಾತಾಡಿದೆ. ತುಂಬ ಹೊತ್ತು ಅಡಿಕೆಯ ವಿಷಯವೇ ಎತ್ತಲಿಲ್ಲ. ಕೊನೆಗೆ ಅವನೇ ಹೇಳಿದ.

"ಒಳ್ಳೆ ಅಡಿಕೆ ಮುಟ್ಟಲಿಲ್ಲ ಟೀಚರ್. ಕರಿಗೋಟಿನ ಗೋಣಿಯಿಂದ ಮಾತ್ರ ತೆಗೆದದ್ದು."

ಅಡಿಕೆಯ ಊರಿನವರಲ್ಲದವರಿಗೆ: ಕರಿಗೋಟು ಎಂದರೆ ಕಪ್ಪಾಗಿ ಕೆಟ್ಟ, ತೀರಾ ಕಡಿಮೆ ರೇಟಿನ ಅಡಿಕೆ. ಮನೆಗೆ ಜಾಸ್ತಿ ನಷ್ಟ ಆಗದ ಹಾಗೆ ಕದಿಯುವ ಕಳ್ಳ ಇವನು.

"ಹಣದಲ್ಲಿ ಏನು ತೆಗೊಂಡೆ?"

"ಮಿಠಾಯಿ. ಎಂಟು."

"ಎಂಟು ಯಾಕೆ?"

"ವ್ಯಾನಿನ ಹಿಂದಿನ ಸೀಟಲ್ಲಿ ಎಂಟು ಜನ ಇರೋದು."

"ನಿನಗೆ?"

"ನಾನು ಹಿಂದಿನ ಸೀಟಲ್ಲಿ ಅಲ್ಲ. ಡ್ರೈವರಣ್ಣನ ಹತ್ತಿರ. ಅಲ್ಲೇ ಕೂರಬೇಕು ಅಂತ ಅಮ್ಮ ಹೇಳಿದ್ದಾರೆ."

ಮಿಠಾಯಿ ಕೊಟ್ಟ ದಿನ ಮಾತ್ರ ಹಿಂದಿನವರು ಸ್ವಲ್ಪ ಸರಿದು ಜಾಗ ಕೊಡುತ್ತಿದ್ದರು. ಅಲ್ಲಿ ಕೂತು ಅವನು ಏನೂ ಮಾತಾಡುತ್ತಿರಲಿಲ್ಲ. ಅವರು ಮಾತಾಡುವುದನ್ನು ಕೇಳುತ್ತಿದ್ದ, ಅಷ್ಟೇ. ಇಪ್ಪತ್ತು ನಿಮಿಷದ ದಾರಿ. ಅದಕ್ಕಾಗಿ ಅಟ್ಟ ಹತ್ತಿ ಗೋಣಿ ಬಿಚ್ಚಿದ್ದ.

ಇದನ್ನು ಕಳ್ಳತನ ಅಲ್ಲ ಎನ್ನುತ್ತಿಲ್ಲ. ಕದ್ದದ್ದು ಕದ್ದದ್ದೇ. ಆದರೆ ಕಳ್ಳತನಕ್ಕೆ ಮದ್ದು ಮಾಡಿದರೆ ಈ ಹುಡುಗನಿಗೆ ಗುಣ ಆಗುವುದಿಲ್ಲ.

ಇಲ್ಲಿನ ಮನೆಗಳು ಹೇಗಿವೆ ಎಂದು ಹೇಳಬೇಕು. ನಮ್ಮಲ್ಲಿ ಬೀದಿ, ಕೇರಿ ಎಂದು ಸಾಲಾಗಿ ಮನೆಗಳಿಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ, ಎದುರು ತೋಟ, ತೋಟ ದಾಟಿ ತೋಡು (ಸಣ್ಣ ಹಳ್ಳ), ಆಚೆ ಇನ್ನೊಬ್ಬರ ತೋಟ. ನೆರೆಮನೆ ಎಂದರೆ ಕೂಗಿದರೆ ಕೇಳಿಸದಷ್ಟು ದೂರ. ಮಳೆಗಾಲದಲ್ಲಿ ತೋಡಿನ ಸಂಕ (ಕಾಲುಸೇತುವೆ) ದಾಟುವುದೇ ಕಷ್ಟ. ಮೊದಲು ಕೂಡುಕುಟುಂಬ ಇತ್ತು, ಒಂದೇ ಮನೆಯಲ್ಲಿ ಆರೇಳು ಮಕ್ಕಳಿರುತ್ತಿದ್ದರು. ಆಗ ಹೊರಗಿನ ಗೆಳೆಯರು ಇಲ್ಲದಿದ್ದರೂ ನಡೆಯುತ್ತಿತ್ತು. ಈಗ ದೊಡ್ಡಪ್ಪನ ಮಕ್ಕಳು ಬೆಂಗಳೂರಿನಲ್ಲಿ, ಅತ್ತೆಯ ಮಗಳು ದುಬಾಯಿಯಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಅಮ್ಮ ಮತ್ತು ಒಬ್ಬ ಹುಡುಗ. ಹಳೆ ಕಟ್ಟುಪಾಡು ಹಾಗೇ ಉಳಿಯಿತು, ಜೊತೆಗಿದ್ದ ಮಕ್ಕಳು ಮಾತ್ರ ಇಲ್ಲ.

ಅಡಿಕೆ ಹಾಳೆಯ ಆಟ ಗೊತ್ತಲ್ವಾ? ಬಿದ್ದ ಹಾಳೆಯ ಅಗಲದ ಭಾಗದಲ್ಲಿ ಒಬ್ಬ ಕೂರುವುದು, ಇನ್ನೊಬ್ಬ ಸೋಗೆ ಹಿಡಿದು ಅಂಗಳದಲ್ಲಿ ಎಳೆಯುವುದು. ಅನೂಪನ ಮನೆಯಲ್ಲಿ ಹಾಳೆಗೆ ಬರವಿಲ್ಲ. ಅವನು ಅದರ ಮೇಲೆ ಎರಡು ಒಣ ತೆಂಗಿನಕಾಯಿ ಇಟ್ಟು ಎಳೆಯುತ್ತಾನೆ. ಅವುಗಳಿಗೆ ಹೆಸರೂ ಇದೆ. ಹೆಸರು ಏನೆಂದು ಕೇಳಿದೆ. ವ್ಯಾನಿನ ಹಿಂದಿನ ಸೀಟಿನ ಇಬ್ಬರದ್ದು.

ಇನ್ನೊಂದು ಮಾತು ಅಮ್ಮ ಹೇಳಿದ್ದು. ಜೋರು ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟರೆ ಊರಿನ ಮಕ್ಕಳೆಲ್ಲ ಕುಣಿಯುತ್ತಾರೆ. ಇವನು ಹೊದಿಕೆ ಎಳೆದು ಮಲಗಿಬಿಡುತ್ತಾನೆ. "ಓದುವ ಆಸೆ ಇದೆ ಅಂತ ನಾವು ಖುಷಿಪಟ್ಟಿದ್ದೆವು" ಎಂದರು ಅಮ್ಮ. ಹೇಳಿ ಮುಗಿಸುವಾಗ ಅವರಿಗೇ ಅರ್ಥ ಆಗಿತ್ತು.

ಎರಡನೇ ಭೇಟಿಗೆ ಅಜ್ಜ ಅಜ್ಜಿಯನ್ನೂ ಕರೆಸಿದೆ. ಅನೂಪ ಏನೇನು ಮಾಡಬಾರದು ಎಂದು ಎಲ್ಲರೂ ಸೇರಿ ಒಂದು ಪಟ್ಟಿ ಬರೆಯಿರಿ ಎಂದೆ. ಒಂದು ಪುಟ ಸಾಕಾಗಲಿಲ್ಲ. ಬರೆದ ಮೇಲೆ ಪ್ರತಿ ಸಾಲಿನ ಮುಂದೆ ಇದು ಯಾರು ಮಾಡಿದ ನಿಯಮ, ಯಾವಾಗ ಮಾಡಿದ್ದು ಎಂದು ಹಾಕಿಸಿದೆ. ಈ ಕೇಸಿನಲ್ಲಿ ನಿಜವಾದ ಕೆಲಸ ಆದದ್ದು ಆ ಗಂಟೆಯಲ್ಲಿ.

ಗೇರು ಗುಡ್ಡೆಯ ಕಡೆ ಹೋಗಬಾರದು, ಬೇರೆಯವರ ಮನೆಯ ನೀರು ಕುಡಿಯಬಾರದು. ಇದು ಅಜ್ಜಿಯದ್ದು. ನಾನು ಮಡಿಯ ಲೆಕ್ಕ ಇರಬೇಕು ಎಂದುಕೊಂಡಿದ್ದೆ. ಅಲ್ಲ. ಇಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದ ನಿಯಮ ಅದು. 2000ದವರೆಗೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಅದು ನಡೆದಿತ್ತು. ಅನೂಪನ ಅಪ್ಪ ಆಗ ಹುಡುಗ. ಮಗನನ್ನು ಕಾಪಾಡಲು ಮಾಡಿದ ನಿಯಮ ಮೊಮ್ಮಗನಿಗೂ ಬಂತು. ಅಜ್ಜಿಯ ಆ ಹೆದರಿಕೆಯನ್ನು ತಮಾಷೆ ಮಾಡುವ ಹಾಗಿಲ್ಲ. ಈ ಜಿಲ್ಲೆಯಲ್ಲಿ ಅದರಿಂದ ನೊಂದ ಮನೆಗಳು ಎಷ್ಟೋ ಇವೆ.

ಹೊರಗಿನ ಮಕ್ಕಳು ಮನೆಗೆ ಬರಬಾರದು. ಇದು ಅಜ್ಜನದ್ದು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಕರ್ನಾಟಕದವರು ಬಂದ್ ಮಾಡಿದ್ದರು. ಅಜ್ಜ ಹಾರ್ಟಿನ ಪೇಶಂಟು, ಮದ್ದು ಡಾಕ್ಟರು ಎಲ್ಲ ಮಂಗಳೂರಿನಲ್ಲಿ. ಏನಾದರೂ ಆದರೆ ಹೋಗಲು ದಾರಿ ಇಲ್ಲ. ಹಾಗಾಗಿ ಗೇಟಿಗೆ ಬೀಗ. ಗಡಿ ತೆರೆಯಿತು, ಲಸಿಕೆ ಬಂತು, ಅಜ್ಜ ಮತ್ತೆ ಮಂಗಳೂರಿಗೆ ಹೋಗಿ ಬರತೊಡಗಿದರು. ಮಕ್ಕಳಿಗೆ ಹಾಕಿದ ಬೀಗ ಮಾತ್ರ ಯಾರೂ ತೆಗೆಯಲಿಲ್ಲ. "ತೆಗೀಬೇಕು ಅಂತ ಯಾರೂ ಹೇಳ್ಲಿಲ್ಲ ಅಲ್ವಾ" ಎಂದರು ಅಜ್ಜ. ಸುಮ್ನೆ ಹೇಳಿದ್ದಲ್ಲ, ನಿಜಕ್ಕೂ ಆಶ್ಚರ್ಯವೇ ಅವರಿಗೆ.

ಇನ್ನೊಂದು ಲೆಕ್ಕವನ್ನೂ ನೋಡಿ. 2020ರ ಜೂನ್‌ನಲ್ಲಿ ಅನೂಪ ಒಂದನೇ ಕ್ಲಾಸ್. ಕೇರಳದಲ್ಲಿ ಶಾಲೆ ತೆರೆದದ್ದು 2021ರ ನವೆಂಬರ್ 1ಕ್ಕೆ. ಒಂದನೇ ಕ್ಲಾಸ್ ಪೂರ್ತಿ, ಎರಡನೆಯದರ ಅರ್ಧ ಮನೆಯ ಚಾವಡಿಯಲ್ಲೇ ಮುಗಿಯಿತು. ಜಗಳ ಆಡಿ ಠೂ ಬಿಟ್ಟು, ಮಾರನೇ ದಿನ ಮತ್ತೆ ಸೇರುವುದನ್ನು ಮಕ್ಕಳು ಕಲಿಯುವುದು ಆ ವಯಸ್ಸಿನಲ್ಲಿ. ಇವನಿಗೆ ಆ ಪಾಠ ಆಗಲೇ ಇಲ್ಲ. ಬೇರೆ ಮಕ್ಕಳು ಆಮೇಲೆ ಊರಿನ ಮೈದಾನದಲ್ಲಿ, ಮದರಸದಲ್ಲಿ, ಭಜನಾ ಮಂದಿರದಲ್ಲಿ ಅದನ್ನು ಹೇಗೋ ತುಂಬಿಸಿಕೊಂಡರು.

ಶನಿವಾರ ಭಾನುವಾರ ಓದು, ಟ್ಯೂಷನ್. ಇದು ಅಪ್ಪನದ್ದು. ಕೇರಳದಲ್ಲಿ ಪರೀಕ್ಷೆ ಬರೆದು ಪಡೆಯುವ ಸ್ಕಾಲರ್‌ಶಿಪ್‌ಗಳಿವೆ; ನಾಲ್ಕನೇ ಕ್ಲಾಸಿನಲ್ಲಿ ಎಲ್‌ಎಸ್‌ಎಸ್ ಸಿಗಲಿಲ್ಲ, ಏಳನೆಯದರಲ್ಲಿ ಯುಎಸ್‌ಎಸ್ ಆದರೂ ಸಿಗಲಿ ಎಂದು. ವ್ಯಾನಿನಲ್ಲಿ ಡ್ರೈವರ್ ಹತ್ತಿರ ಕೂರಬೇಕು, ಬೇರೆಯವರ ತಿಂಡಿ ತಿನ್ನಬಾರದು, ಫೋನ್ ಮುಟ್ಟಬಾರದು. ಇದು ಅಮ್ಮನದ್ದು. ಕೆರೆಯ ಹತ್ತಿರ, ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗದ ಹತ್ತಿರ ಒಬ್ಬನೇ ಹೋಗಬಾರದು. ಇದು ಎಲ್ಲರದ್ದೂ.

ಒಂದೊಂದು ನಿಯಮಕ್ಕೂ ಒಂದು ಕಾಲದಲ್ಲಿ ಕಾರಣ ಇತ್ತು. ಮಾಡಿದವರೂ ಪ್ರೀತಿಯಿಂದಲೇ ಮಾಡಿದ್ದು. ಒಬ್ಬರ ನಿಯಮ ಇನ್ನೊಬ್ಬರು ಲೆಕ್ಕ ಹಿಡಿದಿರಲಿಲ್ಲ, ಅಷ್ಟೇ. ನಾಲ್ಕು ಜನರ ನಾಲ್ಕು ಕಾಲದ ಹೆದರಿಕೆ ಒಂದು ಮಗುವಿನ ಮೇಲೆ ಬಿದ್ದಿತ್ತು. ದಿನಾ ಹೊಡೆತ, ಉಪವಾಸ, ಕೋಣೆಯಲ್ಲಿ ಕೂಡಿಹಾಕುವುದು ಎಂದೆಲ್ಲ ಇದ್ದಿದ್ದರೆ ನಾನು ಪಟ್ಟಿ ಬರೆಸುತ್ತಾ ಕೂರುತ್ತಿರಲಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುತ್ತಿದ್ದೆ. ಇದು ಅಂಥದ್ದಲ್ಲ. ಇಂಥ ಮನೆಗಳಲ್ಲಿ ಮಗುವಿನ ನೋವು ಬೇಗ ಕಾಣುವುದಿಲ್ಲ. ಹೊಟ್ಟೆಗೆ ಬಟ್ಟೆಗೆ ಕೊರತೆ ಇಲ್ಲ, ಮಾರ್ಕೂ ಪರವಾಗಿಲ್ಲ, ಇನ್ನೇನು ಬೇಕು ಎನ್ನುತ್ತಾರೆ.

ಏನು ಬೇಕು ಎಂದರೆ ಒಬ್ಬ ಗೆಳೆಯ. ಗುಂಪು ಬೇಕಾಗಿಲ್ಲ. ಕಳೆದ ಶತಮಾನದ ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟಾಕ್ ಸಲಿವನ್ ಹೇಳಿದ ಒಂದು ವಿಷಯ ನಮ್ಮ ಕೆಲಸದಲ್ಲಿ ಈಗಲೂ ಉಪಯೋಗಕ್ಕೆ ಬರುತ್ತದೆ. ಎಂಟೊಂಬತ್ತು ವರ್ಷ ದಾಟಿದ ಮೇಲೆ ಮಗುವಿಗೆ ತನ್ನ ವಯಸ್ಸಿನ ಒಬ್ಬ ಆಪ್ತ ಬೇಕಾಗುತ್ತಾನೆ. ಅವನ ಖುಷಿ ನನ್ನ ಖುಷಿಯಷ್ಟೇ ಮುಖ್ಯ ಎಂದು ಮೊದಲ ಸಲ ಅನಿಸುವುದು ಆ ಗೆಳೆತನದಲ್ಲಿ. ಅಪ್ಪ ಅಮ್ಮ ಎಷ್ಟೇ ಪ್ರೀತಿ ಮಾಡಿದರೂ ಅದಕ್ಕೆ ಬದಲಿ ಆಗುವುದಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಆಟದ ಹಕ್ಕೂ ಇದೆ, ಬೇರೆಯವರ ಜೊತೆ ಸೇರುವ ಹಕ್ಕೂ ಇದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿದೆ. ಅಜ್ಜನ ಎದುರು ಇದನ್ನು ನಾನು ಎತ್ತಲಿಲ್ಲ. ಹಕ್ಕಿನ ಮಾತು ಬಂದರೆ ಅಜ್ಜಂದಿರು ಎದ್ದು ಹೋಗುತ್ತಾರೆ.

ಮನೆಯವರಿಗೆ ಹೇಳಿದ್ದು ಇಷ್ಟು. ಅಡಿಕೆಯ ಲೆಕ್ಕ ಮುಗಿಸಿಬಿಡಿ, ನೆಂಟರ ಎದುರು ಅದನ್ನು ಮತ್ತೆ ತೆಗೆಯಬೇಡಿ. ಕಳ್ಳ ಎಂಬ ಮಾತು ಮನೆಯಲ್ಲಿ ಬೇಡ. ಹೋದ ಹಣವನ್ನು ಅವನು ದುಡಿದು ತುಂಬಿಸಲಿ: ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕಲಿ, ಕಿಲೋಗೆ ಇಷ್ಟು ಎಂದು ಅಪ್ಪ ಕೊಡಲಿ. ಕೆಲಸದವರ ಮೇಲೆ ಸಂಶಯ ಪಟ್ಟದ್ದಕ್ಕೆ ಅಪ್ಪನೂ ಮಗನೂ ಹೋಗಿ ತಪ್ಪಾಯಿತು ಎನ್ನಲಿ. ಇದಕ್ಕೆ ಅಪ್ಪ ಸ್ವಲ್ಪ ಮುಖ ಗಂಟಿಕ್ಕಿದರು. ಆದರೆ ಹೋದರು.

ನಿಯಮದಲ್ಲಿ ಕೆರೆ, ಸುರಂಗ, ತೋಡಿನ ಕಟ್ಟ (ನೀರು ತಡೆಯುವ ಒಡ್ಡು) ಇವು ಹಾಗೇ ಇರಲಿ ಎಂದೆ. ಅದರಲ್ಲಿ ರಾಜಿ ಇಲ್ಲ. ಗೆಳೆಯ ಬಂದಾಗ ಅವನಿಗೂ ಅದೇ ನಿಯಮ. ಫೋನಿನ ವಿಷಯದಲ್ಲೂ ಅಮ್ಮ ಹೇಳಿದ್ದು ಸರಿ. ಮೈ ಮುಟ್ಟುವ ವಿಷಯದಲ್ಲಿ ಹುಷಾರು ಹೇಗೆ, ಏನಾದರೂ ಆದರೆ ಯಾರಿಗೆ ಹೇಳಬೇಕು ಎಂದು ಹುಡುಗನಿಗೆ ಬಿಡಿಸಿ ಹೇಳಿ. ಅವನನ್ನು ಡ್ರೈವರ್ ಹತ್ತಿರ ಕೂರಿಸುವುದಕ್ಕಿಂತ ಅದು ಜಾಸ್ತಿ ಕಾಪಾಡುತ್ತದೆ. ಸೀಟು ಬದಲಿಸಿ. ಶನಿವಾರ ಮಧ್ಯಾಹ್ನ ಖಾಲಿ ಬಿಡಿ. ಮಕ್ಕಳ ಗೆಳೆತನ ಬೆಳೆಯಲು ಏನೂ ಕೆಲಸವಿಲ್ಲದ ಹೊತ್ತು ಬೇಕು.

ಮತ್ತೆ, ಒಬ್ಬ ಹುಡುಗನನ್ನು ಮನೆಗೆ ಕರೆಯಿರಿ. ಯಾರನ್ನು ಎಂದು ಅನೂಪನೇ ಹೇಳಲಿ.

ಅವನು ಹೇಳಿದ ಹೆಸರನ್ನು ಇಲ್ಲಿ ರಿಯಾಜ್ ಎಂದು ಇಟ್ಟುಕೊಳ್ಳೋಣ. ಅದೇ ಕ್ಲಾಸ್, ಹಿಂದಿನ ಸೀಟು. ಮನೆಯಲ್ಲಿ ಬ್ಯಾರಿ ಮಾತು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಆಟದಲ್ಲಿ ತುಳು. ಇಲ್ಲಿನ ಮಕ್ಕಳೇ ಹಾಗೆ. ಮಿಠಾಯಿ ಇಲ್ಲದ ದಿನವೂ ಒಮ್ಮೆ ತನ್ನ ಕೊಡೆಯೊಳಗೆ ಕರೆದಿದ್ದನಂತೆ.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ ಕೇಳಿದರು, "ತಿನ್ನಲಿಕ್ಕೆ ಕೊಡುವುದು ಹೇಗೆ?"

ಇಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಿದೆ. "ಬೇರೆ ತಟ್ಟೆ ಬೇರೆ ಲೋಟ ಅಂತ ಮಾಡುವುದಾದರೆ ಕರೆಯುವುದೇ ಬೇಡ ಅಜ್ಜಿ. ಮಕ್ಕಳಿಗೆ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಹುಡುಗನಿಗೆ ಇದ್ದ ಒಬ್ಬನೂ ಹೋಗುತ್ತಾನೆ." ಅಡುಗೆಮನೆ, ದೇವರಕೋಣೆ ನಿಮ್ಮದು, ಅಲ್ಲಿ ನಾನು ಕೈ ಹಾಕುವುದಿಲ್ಲ, ಜಗಲಿ ಮಕ್ಕಳಿಗೆ ಬಿಡಿ ಎಂದೆ. ಅಜ್ಜಿ ಯೋಚಿಸಿ ತಾವೇ ದಾರಿ ಹುಡುಕಿದರು. ಆ ದಿನ ಮನೆಯವರಿಗೆಲ್ಲ ಜಗಲಿಯಲ್ಲೇ ಬಾಳೆಲೆ. ಅಜ್ಜನಿಗೂ ಎಲೆ, ರಿಯಾಜ್‌ಗೂ ಎಲೆ. ಇದು ಪೂರ್ತಿ ಸರಿಯಾದ ಉತ್ತರವೇ? ಅಲ್ಲ ಎಂದು ನನಗೆ ಗೊತ್ತು. ಆದರೆ ಎಪ್ಪತ್ತು ದಾಟಿದ ಹೆಂಗಸು ಒಂದು ಗಂಟೆಯಲ್ಲಿ ಅಷ್ಟು ದೂರ ಬಂದದ್ದು ಸಣ್ಣ ವಿಷಯ ಅಲ್ಲ.

ಅಮ್ಮನಿಗೆ ಒಂದು ಕೆಲಸ ಕೊಟ್ಟೆ. ರಿಯಾಜ್‌ನ ಉಮ್ಮನಿಗೆ ನೀವೇ ಫೋನ್ ಮಾಡಿ, ಮಕ್ಕಳ ಮೂಲಕ ಹೇಳಿ ಕಳಿಸಬೇಡಿ ಎಂದು. ಮನೆಯಲ್ಲಿ ಯಾರಿರುತ್ತಾರೆ, ಎಷ್ಟು ಗಂಟೆಗೆ ವಾಪಸು ಬಿಡುತ್ತೀರಿ, ಎಲ್ಲ ಹೇಳಿ. ಇಬ್ಬರು ಅಮ್ಮಂದಿರು ಒಬ್ಬರನ್ನೊಬ್ಬರು ಅರಿತರೆ ಅರ್ಧ ಹೆದರಿಕೆ ಹೋಗುತ್ತದೆ. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರಂತೆ, ಅದರಲ್ಲಿ ಮಕ್ಕಳ ವಿಷಯ ಐದು ನಿಮಿಷ.

ಹುಡುಗನ ಜೊತೆ ಮಾಡಿದ ಕೆಲಸ ಬೇರೆ. ಆಟ ಆಡುತ್ತಿರುವ ಗುಂಪಿಗೆ ಸೇರುವುದು ಹೇಗೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಹೋಗಿ ನಡುವೆ ನಿಂತು "ನಾನೂ ಆಡಲಾ" ಎನ್ನುವುದು, ಅವರು ಬೇಡ ಎಂದರೆ ಓಡಿ ಬರುವುದು. ಮೊದಲು ಪಕ್ಕದಲ್ಲಿ ನಿಂತು ನೋಡು, ಆಟ ಅರ್ಥ ಮಾಡಿಕೊ, ಚೆಂಡು ನಿನ್ನ ಕಡೆ ಬಂದರೆ ಎತ್ತಿ ಕೊಡು, ಔಟೋ ಅಲ್ಲವೋ ಎಂದು ಕೇಳಿದರೆ ಹೇಳು. ಆಟ ನಿಲ್ಲಿಸಬೇಡ, ಆಟದೊಳಗೆ ನಡೆದು ಹೋಗು. ಇದನ್ನು ನನ್ನ ಕೋಣೆಯಲ್ಲೇ ಪ್ಲಾಸ್ಟಿಕ್ ಚೆಂಡಿನಲ್ಲಿ ಅಭ್ಯಾಸ ಮಾಡಿದೆವು. ಇನ್ನೊಂದು: ಕೊಡುವುದನ್ನು ನಿಲ್ಲಿಸು. ಒಂದು ವಾರ ಪೆನ್ಸಿಲು ರಬ್ಬರು ಕೂಡ ಯಾರಿಗೂ ಸುಮ್ಮನೆ ಕೊಡಬೇಡ.

ಅದು ಕಷ್ಟದ ವಾರ. ಮಿಠಾಯಿ ನಿಂತ ಕೂಡಲೇ ಹಿಂದಿನ ಸೀಟಿನ ಎಂಟರಲ್ಲಿ ಐದು ಜನ ಅವನ ಕಡೆ ನೋಡುವುದನ್ನೇ ಬಿಟ್ಟರು. ಒಬ್ಬ "ಅಂಗಡಿ ಬಂದ್" ಎಂದು ಕೂಗಿದ. ಹುಡುಗ ಅತ್ತ. ಇದು ಆಗಬಹುದು ಎಂದು ಅವನಿಗೂ ಅಮ್ಮನಿಗೂ ಮೊದಲೇ ಹೇಳಿದ್ದೆ. ಹಾಗಾಗಿ ಅಮ್ಮ ಗಾಬರಿಯಾಗಿ ಮತ್ತೆ ಮುಂದಿನ ಸೀಟಿಗೆ ಕೂರಿಸಲಿಲ್ಲ.

ಮೊದಲ ಶನಿವಾರವೂ ಚೆನ್ನಾಗಿ ಆಗಲಿಲ್ಲ. ರಿಯಾಜ್ ಬಂದ. ಅನೂಪ ತನ್ನ ಇಡೀ ಕಪಾಟು ತೆಗೆದು ಅವನ ಮುಂದೆ ಸುರಿದ. ಈಗ ಇದು ಆಡು, ಈಗ ಅದು ಆಡು ಎಂದು ಹೇಳುತ್ತಲೇ ಇದ್ದ. ಜಗಲಿಯ ಕುರ್ಚಿಯಲ್ಲಿ ಅಜ್ಜ ಪೇಪರ್ ಹಿಡಿದು ಕೂತಿದ್ದರು, ಒಂದು ಪುಟವೂ ಮಗುಚಲಿಲ್ಲ. ಬಂದು ಒಂದು ಗಂಟೆ ಕಳೆಯುವಷ್ಟರಲ್ಲಿ ರಿಯಾಜ್ ಮನೆಗೆ ಹೋಗುತ್ತೇನೆ ಎಂದ. ಇನ್ನು ಬರುವುದಿಲ್ಲ ಎಂದು ಅನೂಪ ಆ ರಾತ್ರಿ ಊಟ ಬಿಟ್ಟ. ನನಗೆ ಅಷ್ಟೇನೂ ಚಿಂತೆ ಆಗಲಿಲ್ಲ. ಆರು ವರ್ಷದ ಹಸಿವು ಇದ್ದವನು ಮೊದಲ ಎಲೆಯಲ್ಲಿ ನಿಧಾನಕ್ಕೆ ಉಣ್ಣುತ್ತಾನಾ? ಮುಂದಿನ ಸಲ ಕಪಾಟಿಗೆ ಬೀಗ, ಅಜ್ಜ ಒಳಗೆ, ಮಕ್ಕಳಿಗೆ ಒಂದು ಕೆಲಸ ಎಂದೆ. ಬಿದ್ದ ಅಡಿಕೆ ಇಬ್ಬರೂ ಹೆಕ್ಕಲಿ, ಹಣ ಸಮಪಾಲು. ಕೈಗೆ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಎರಡನೇ ಶನಿವಾರ ಅಡಿಕೆ ಹೆಕ್ಕಿದ್ದು ಅರ್ಧ ಬುಟ್ಟಿ ಕೂಡ ಇಲ್ಲ. ಉಳಿದ ಹೊತ್ತೆಲ್ಲ ಹಾಳೆ ಎಳೆದರು. ಸಂಜೆ ಪಾಲು ಹಂಚುವಾಗ ಇಬ್ಬರೂ ಜಗಳ ಆಡಿದರು ಎಂದು ಅಮ್ಮ ಫೋನ್ ಮಾಡಿ ಹೇಳಿದರು. ಬಹಳ ಒಳ್ಳೆಯ ಸುದ್ದಿ, ನೀವು ಮಧ್ಯೆ ಹೋಗಬೇಡಿ ಎಂದೆ. ಸೋಮವಾರ ವ್ಯಾನಿನಲ್ಲಿ ಮಾತು ಬಿಟ್ಟಿದ್ದರು. ಬುಧವಾರ ಸರಿಯಾಗಿತ್ತು.

ಶಾಲೆಯ ಕ್ಲಾಸ್ ಟೀಚರ್‌ಗೆ ಅಡಿಕೆಯ ಕಥೆ ಹೇಳಲಿಲ್ಲ. ಗುಂಪಿನ ಕೆಲಸಕ್ಕೆ ಇಬ್ಬಿಬ್ಬರ ಜೋಡಿ ಮಾಡಿ ಎಂದು ಮಾತ್ರ ಕೇಳಿಕೊಂಡೆ. ಹತ್ತಿರದ ಗ್ರಂಥಾಲಯದಲ್ಲಿ ಬಾಲವೇದಿ ಎಂಬ ಮಕ್ಕಳ ಕೂಟ ಇದೆ, ಅಲ್ಲಿಗೂ ಕಳಿಸಿ ಎಂದಿದ್ದೇನೆ. ಇನ್ನೂ ಹೋಗಿಲ್ಲ. ಯಾಕೆಂದರೆ ಅದು ಭಾನುವಾರ, ಭಾನುವಾರದ ಟ್ಯೂಷನ್ ಅಪ್ಪ ಬಿಟ್ಟುಕೊಟ್ಟಿಲ್ಲ. ಯುಎಸ್‌ಎಸ್ ಮುಗಿಯಲಿ ಎನ್ನುತ್ತಾರೆ. ಅದಕ್ಕೆ ಇನ್ನೂ ಒಂದು ವರ್ಷದ ಮೇಲೆ ಇದೆ. ಇದರಲ್ಲಿ ನನಗೂ ಅವರಿಗೂ ಹೊಂದಾಣಿಕೆ ಆಗಿಲ್ಲ.

ಗೋಣಿಯ ತೂಕ ಆಮೇಲೆ ಕಡಿಮೆ ಆಗಿಲ್ಲ. ಅಜ್ಜ ಗೇಟಿನ ಬೀಗ ತೆಗೆದಿದ್ದಾರೆ, ಆದರೆ ಆರು ಗಂಟೆಗೆ ಹಾಕುತ್ತಾರೆ. ಗೇರು ಗುಡ್ಡೆಯ ನಿಯಮ ಅಜ್ಜಿ ಬಿಡಲಿಲ್ಲ. ಬೇಡ, ಅದು ಇರಲಿ ಎಂದೆ. ಅವರಿಗೆ ಅದರಿಂದ ನಿದ್ದೆ ಬರುತ್ತದೆ, ಹುಡುಗನಿಗೆ ಅದರಿಂದ ಏನೂ ತಪ್ಪುವುದಿಲ್ಲ.

ಈಗ ಬಂದಿರುವ ಪ್ರಶ್ನೆ ಬೇರೆ. ರಿಯಾಜ್‌ನ ಅಕ್ಕನ ಮದುವೆ. ಅವರ ಮನೆಯವರು ಬಂದು ಎಲ್ಲರನ್ನೂ ಕರೆದು ಹೋಗಿದ್ದಾರೆ. ಸಸ್ಯಾಹಾರಿಗಳಿಗೆ ಬೇರೆಯೇ ಅಡುಗೆಯವರನ್ನು ಇಟ್ಟಿದ್ದೇವೆ ಎಂದೂ ಹೇಳಿದ್ದಾರೆ. ಈ ಊರುಗಳಲ್ಲಿ ಅದು ಮಾಮೂಲು. ಅಜ್ಜಿಗೆ ಮನಸ್ಸಿಲ್ಲ, ಅಮ್ಮನಿಗೆ ಹೋಗಬೇಕೆಂದಿದೆ, ಅಪ್ಪ ನನ್ನನ್ನು ಕೇಳಿದರು. ನೀವು ಮಗನ ಜೊತೆ ಹೋಗಿ, ಉಂಡು ಬನ್ನಿ, ಅಜ್ಜಿಯನ್ನು ಒತ್ತಾಯ ಮಾಡಬೇಡಿ, ಆದರೆ ಹುಡುಗನಿಂದ ಅವರ ಒಪ್ಪಿಗೆ ಕೇಳಿಸಬೇಡಿ, ಆ ಕೆಲಸ ನಿಮ್ಮದು ಎಂದಿದ್ದೇನೆ. ಮದುವೆ ಮುಂದಿನ ತಿಂಗಳು. ಅಪ್ಪ ಇನ್ನೂ ಕೇಳಿಲ್ಲ.